ಟಾನ್ಸಿಲ್ ಆಪರೇಷನ್ ಮುಗಿಸಿ ಮಗು ಮನೆಗೆ ಬಂತು: ಮುಂದಿನ ಎರಡು ವಾರ ಹೀಗೆ ನೋಡಿಕೊಳ್ಳಿ

ಆಪರೇಷನ್ ಆಗಿ ಎರಡನೆಯ ದಿನ ನಮ್ಮ ಮಗ ಜಗಲಿಯಲ್ಲಿ ಕೂತು ಐಸ್‌ಕ್ರೀಮ್ ತಿನ್ನುತ್ತಿದ್ದ. ನೋಡಲು ಬಂದ ನೆಂಟರೆಲ್ಲ "ಅಬ್ಬ, ಇಷ್ಟು ಬೇಗ ಹುಷಾರಾದನಾ!" ಎಂದರು. ನಾನೂ ಹಾಗೇ ಅಂದುಕೊಂಡೆ. ಐದನೆಯ ದಿನ ಅದೇ ಮಗು ಎಂಜಲು ನುಂಗಲೂ ಆಗದೆ, ಜೊಲ್ಲನ್ನು ನನ್ನ ಸೆರಗಿಗೆ ಒರೆಸುತ್ತಾ, ಮಾತಿಲ್ಲದೆ ಮಡಿಲಲ್ಲಿ ಮಲಗಿತ್ತು.

ಟಾನ್ಸಿಲ್ ತೆಗೆದ ಮಕ್ಕಳಲ್ಲಿ ಇದು ಸಾಮಾನ್ಯ. ನೋವು ದಿನದಿಂದ ದಿನಕ್ಕೆ ಇಳಿಯುತ್ತಾ ಹೋಗುತ್ತದೆ ಎಂದು ನಾವು ಕಾಯುತ್ತೇವೆ. ಆದರೆ ತುಂಬಾ ಮಕ್ಕಳಿಗೆ ಮೂರು-ನಾಲ್ಕನೆಯ ದಿನದ ನಂತರ ನೋವು ಮತ್ತೆ ಏರುತ್ತದೆ. ಒಂದು ವಾರ, ಕೆಲವರಿಗೆ ಹತ್ತು ದಿನ ಇರುತ್ತದೆ. ಇದು ಮೊದಲೇ ಗೊತ್ತಿದ್ದರೆ ಅರ್ಧ ಗಾಬರಿ ಕಡಿಮೆಯಾಗುತ್ತದೆ. ನನಗೆ ಗೊತ್ತಿರಲಿಲ್ಲ. ಹಾಗಾಗಿ ಇದನ್ನು ಬರೆಯುತ್ತಿದ್ದೇನೆ.

ನಮ್ಮ ಮನೆ ಬದಿಯಡ್ಕದ ಕಡೆ. ಆಪರೇಷನ್ ಮಾಡಿಸಿದ್ದು ಮಂಗಳೂರಿನಲ್ಲಿ. ಕಾಸರಗೋಡಿನ ನಮ್ಮಂಥ ಕನ್ನಡದ ಮನೆಗಳಲ್ಲಿ ಹೆಚ್ಚಿನವರು ಮಾಡುವುದು ಇದನ್ನೇ, ಅಲ್ವಾ? ಕಾಸರಗೋಡು ಪೇಟೆಯಿಂದ ಮಂಗಳೂರಿಗೆ ಸುಮಾರು 50 ಕಿಲೋಮೀಟರ್. ಒಳಗಿನ ಊರುಗಳಿಂದ ಹೊರಟರೆ ಸಮಯ ಇನ್ನೂ ಜಾಸ್ತಿ. ಹಗಲು ಚೆಕಪ್‌ಗೆ ಹೋಗಿ ಬರುವಾಗ ಆ ದೂರ ಏನೂ ಅನ್ನಿಸುವುದಿಲ್ಲ. ರಾತ್ರಿ ಎರಡು ಗಂಟೆಗೆ ಮಗುವಿನ ಬಾಯಲ್ಲಿ ರಕ್ತ ಕಂಡರೆ ಅದು ದೊಡ್ಡ ದೂರ. ಆದ್ದರಿಂದ ತಯಾರಿ ಆಸ್ಪತ್ರೆಗೆ ಹೋಗುವ ಮೊದಲೇ ಶುರುವಾಗಬೇಕು.

ಆಸ್ಪತ್ರೆಗೆ ಹೋಗುವ ಮೊದಲು

ದಿನ ನಿಗದಿ ಮಾಡುವಾಗ ಪೂರ್ತಿ ಎರಡು ವಾರ ಲೆಕ್ಕ ಹಾಕಿ. ಓಣಂ ರಜೆ ಹತ್ತು ದಿನ, ಅದು ಸಾಲುವುದಿಲ್ಲ. ಏಪ್ರಿಲ್-ಮೇ ರಜೆ ಒಳ್ಳೆಯದು. ಆದರೆ ಆಗ ನಮ್ಮಲ್ಲಿ ಸೆಕೆ ಎಷ್ಟಿರುತ್ತದೆ ಎಂದು ಗೊತ್ತಲ್ಲ, ಬೆವರಿ ಬೆವರಿ ಮೈಯ ನೀರು ಬೇಗ ಇಳಿಯುತ್ತದೆ. ಮಳೆಗಾಲದಲ್ಲಾದರೆ ಕರೆಂಟು ಹೋಗುವುದು, ಮರ ಬಿದ್ದು ರಸ್ತೆ ಬಂದ್ ಆಗುವುದು. ಯಾವ ಕಾಲವಾದರೂ ಒಂದು ತೊಡಕು ಇದ್ದೇ ಇದೆ. ಅದನ್ನು ತಿಳಿದು ದಿನ ಆರಿಸಿ. ಆ ಎರಡು ವಾರದಲ್ಲಿ ಮನೆಯಲ್ಲಿ ಉಪನಯನ, ಮದುವೆ ಇಟ್ಟುಕೊಳ್ಳಬೇಡಿ. ಜನ ಜಾಸ್ತಿ ಸೇರಿದ ಕಡೆ ಮಗುವಿಗೆ ಶೀತ, ಕೆಮ್ಮು ಅಂಟುತ್ತದೆ. ಹಸಿ ಗಂಟಲಿಗೆ ಕೆಮ್ಮು ಒಳ್ಳೆಯದಲ್ಲ.

ತಂದಿಡಬೇಕಾದ್ದು ಹೆಚ್ಚೇನಿಲ್ಲ. ಥರ್ಮಾಮೀಟರ್, ಔಷಧಿ ಅಳೆಯಲು ಸೂಜಿ ಇಲ್ಲದ 5 ಎಂಎಲ್ ಸಿರಿಂಜ್ ಎರಡು, ಐಸ್ ಟ್ರೇ, ಒಳ್ಳೆಯ ಟಾರ್ಚ್, ಬಿಳಿ ಬಣ್ಣದ ಒಂದು ಬೇಸಿನ್. ಬಿಳಿ ಯಾಕೆಂದರೆ ಉಗುಳಿದ್ದು ಎಂಜಲೋ ರಕ್ತವೋ, ರಕ್ತವಾದರೆ ಎಷ್ಟು ಎಂದು ಸರಿಯಾಗಿ ಕಾಣುತ್ತದೆ.

ಡಾಕ್ಟರ ಹತ್ತಿರ ಮೂರು ವಿಷಯ ಕೇಳಿ, ಬರೆದುಕೊಳ್ಳಿ. ರಾತ್ರಿ ತೊಂದರೆಯಾದರೆ ಯಾವ ನಂಬರಿಗೆ ಫೋನ್ ಮಾಡಬೇಕು? ರಕ್ತ ಬಂದರೆ ಮಂಗಳೂರಿಗೇ ಬರಬೇಕೋ, ನಮ್ಮ ಹತ್ತಿರದಲ್ಲಿ ರಾತ್ರಿಯೂ ಇಎನ್‌ಟಿ (ಕಿವಿ-ಮೂಗು-ಗಂಟಲು) ಡಾಕ್ಟರು ಸಿಗುವ ಆಸ್ಪತ್ರೆ ಯಾವುದು? ಮಗುವಿನ ತೂಕಕ್ಕೆ ಯಾವ ಔಷಧಿ ಎಷ್ಟು ಎಂಎಲ್, ಎಷ್ಟು ಗಂಟೆಗೊಮ್ಮೆ?

ಡಿಸ್ಚಾರ್ಜ್ ಕಾಗದ ಇಂಗ್ಲಿಷಿನಲ್ಲಿರುತ್ತದೆ. ಕಾಸರಗೋಡಿನಲ್ಲೋ ಕಣ್ಣೂರಿನಲ್ಲೋ ಮಾಡಿಸಿದರೆ ಬಾಯಿಮಾತಿನ ವಿವರಣೆ ಮಲಯಾಳದಲ್ಲಿ. ಮನೆಯಲ್ಲಿ ಹಗಲು ಮಗುವನ್ನು ನೋಡಿಕೊಳ್ಳುವ ಅಜ್ಜಿಗೆ ಕನ್ನಡ ಮಾತ್ರ ಓದಲು ಬರುತ್ತದೆ. ನಾನು ಡಿಸ್ಚಾರ್ಜ್ ಆಗುವಾಗ ನರ್ಸ್ ಹತ್ತಿರ ಕೂತು ಒಂದೊಂದನ್ನೂ ಕೇಳಿ ದೊಡ್ಡ ಅಕ್ಷರದಲ್ಲಿ ಕನ್ನಡದಲ್ಲಿ ಬರೆದುಕೊಂಡೆ. ಆ ಹಾಳೆ ಎರಡು ವಾರ ಫ್ರಿಜ್ಜಿನ ಬಾಗಿಲಲ್ಲೇ ಇತ್ತು. ಅರ್ಥವಾಗದಿದ್ದರೆ ಇನ್ನೊಮ್ಮೆ ಕೇಳಲು ಸಂಕೋಚ ಬೇಡ.

ಮೊದಲ ಎರಡು ದಿನ

ಅರಿವಳಿಕೆಯ ಮಂಪರು, ಒಂದೆರಡು ಸಲ ವಾಂತಿ, ಕಿರಿಕಿರಿ ಇರುತ್ತದೆ. ಆಪರೇಷನ್ ವೇಳೆ ನುಂಗಿದ ಹಳೆಯ ರಕ್ತ ಕಾಫಿ ಬಣ್ಣದಲ್ಲಿ ಒಮ್ಮೆ ವಾಂತಿಯಾಗಬಹುದು. ಎಂಜಲಿನಲ್ಲಿ ಕೆಂಪು ಎಳೆ ಕಾಣಬಹುದು. ಇದೆಲ್ಲ ಹೆಚ್ಚಾಗಿ ಆಸ್ಪತ್ರೆಯಲ್ಲಿರುವಾಗಲೇ ಮುಗಿದಿರುತ್ತದೆ. ಸಣ್ಣ ಜ್ವರವೂ ಬರಬಹುದು. ಆದರೆ 102 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿದರೆ ಅಥವಾ ಎರಡು ದಿನ ಕಳೆದರೂ ಜ್ವರ ಬಿಡದಿದ್ದರೆ ಡಾಕ್ಟರಿಗೆ ಫೋನ್ ಮಾಡಿ.

ಮಲಗಿಸುವಾಗ ತಲೆ ಸ್ವಲ್ಪ ಎತ್ತರದಲ್ಲಿರಲಿ. ಎರಡು ವಾರ ಮಗು ನಿಮ್ಮ ಪಕ್ಕದಲ್ಲೇ ಮಲಗಲಿ. ಗೊರಕೆಗೆಂದೇ ಆಪರೇಷನ್ ಮಾಡಿಸಿದವರಿಗೆ ಮೊದಲ ಕೆಲವು ದಿನ ಗೊರಕೆ ಹಾಗೇ ಇರುವುದು ಕಂಡು ಬೇಸರವಾಗಬಹುದು. ಒಳಗಿನ ಊತ ಇಳಿದ ಮೇಲೆ ಅದು ಕಡಿಮೆಯಾಗುತ್ತದೆ. ಆದರೆ ಉಸಿರಾಡಲು ಮಗು ಕಷ್ಟಪಟ್ಟರೆ, ಪಕ್ಕೆಲುಬು ಒಳಗೆ ಎಳೆದುಕೊಂಡರೆ, ತುಟಿ ನೀಲಿಯಾದರೆ ಕಾಯುವ ಮಾತೇ ಇಲ್ಲ. ಕೂಡಲೇ ಆಸ್ಪತ್ರೆಗೆ.

ನೋವಿನ ಔಷಧಿ ಗಡಿಯಾರ ನೋಡಿ ಕೊಡಿ

ನಾನು ಎಡವಿದ್ದು ಇಲ್ಲೇ. ನಾಲ್ಕನೆಯ ರಾತ್ರಿ ಎರಡು ಗಂಟೆಗೆ ಔಷಧಿ ಕೊಡಬೇಕಿತ್ತು. ಮಗ ಚೆನ್ನಾಗಿ ನಿದ್ದೆ ಮಾಡುತ್ತಿದ್ದ. ಪಾಪ, ಸುಮ್ನೆ ಯಾಕೆ ಎಬ್ಬಿಸುವುದು ಎಂದು ಬಿಟ್ಟೆ. ಬೆಳಿಗ್ಗೆ ಆರಕ್ಕೆ ಅಳುತ್ತಾ ಎದ್ದ. ಗಂಟಲು ಒಣಗಿ ಹೋಗಿತ್ತು. ಔಷಧಿ ಬಾಯಿಗೆ ಹಾಕಿದರೆ ಉಗುಳಿದ. ನೀರು ಬೇಡ, ಹಾಲು ಬೇಡ, ಐಸ್‌ಕ್ರೀಮ್ ಕೂಡ ಬೇಡ. ನೋವಿದೆ ಎಂದು ಕುಡಿಯುವುದಿಲ್ಲ, ಕುಡಿಯದಿದ್ದರೆ ಗಂಟಲು ಒಣಗಿ ನೋವು ಹೆಚ್ಚುತ್ತದೆ, ನೋವು ಹೆಚ್ಚಿದರೆ ಔಷಧಿಯೂ ಇಳಿಯುವುದಿಲ್ಲ. ಈ ಸುಳಿಯಿಂದ ಅವನನ್ನು ಹೊರಗೆ ತರಲು ಮಧ್ಯಾಹ್ನವಾಯಿತು. ಸಿರಿಂಜಿನಲ್ಲಿ ಅರ್ಧರ್ಧ ಎಂಎಲ್ ಔಷಧಿಯನ್ನು ಕೆನ್ನೆಯ ಒಳಬದಿಗೆ ಬಿಟ್ಟು, ಐದು ನಿಮಿಷ ಕಾದು, ಮತ್ತೆ ಅರ್ಧ ಎಂಎಲ್. ಹಾಗೆ ಕೊಟ್ಟೆ. ಮುಕ್ಕಾಲು ಗಂಟೆಯ ನಂತರ ಅವನೇ ಲೋಟಕ್ಕೆ ಕೈ ಚಾಚಿದ.

ಆದ್ದರಿಂದ ಮೊದಲ ಒಂದು ವಾರ, ಮಗು ನೋವು ಎನ್ನಲಿ ಬಿಡಲಿ, ಡಾಕ್ಟರು ಹೇಳಿದ ಹೊತ್ತಿಗೆ ಔಷಧಿ ಕೊಡಿ. ರಾತ್ರಿಯೂ ಅಲಾರಂ ಇಡಿ. ಊಟ ಕೊಡುವ ಅರ್ಧ-ಮುಕ್ಕಾಲು ಗಂಟೆ ಮೊದಲು ಔಷಧಿ ಬರುವ ಹಾಗೆ ಹೊಂದಿಸಿಕೊಂಡರೆ ಊಟ ಇಳಿಯುತ್ತದೆ.

ಈಗ ಅಳತೆಯ ಮಾತು. ಇದನ್ನು ದಯವಿಟ್ಟು ಎರಡು ಸಲ ಓದಿ. ಪ್ಯಾರಸಿಟಮಾಲ್ ಕೊಡುವುದು ತೂಕ ನೋಡಿ: ಒಂದು ಸಲಕ್ಕೆ ಕಿಲೋಗೆ 10ರಿಂದ 15 ಮಿಲಿಗ್ರಾಂ. 18 ಕಿಲೋದ ಮಗುವಿಗೆ 180ರಿಂದ 270 ಮಿಲಿಗ್ರಾಂ ಆಯಿತು. ಆದರೆ ಮೆಡಿಕಲ್‌ನಲ್ಲಿ ಸಿಗುವ ಸಿರಪ್‌ಗಳು ಒಂದೇ ಥರ ಇಲ್ಲ. ಒಂದು ಬಾಟಲಿಯ 5 ಎಂಎಲ್‌ನಲ್ಲಿ 120 ಅಥವಾ 125 ಮಿಲಿಗ್ರಾಂ ಇದ್ದರೆ ಇನ್ನೊಂದರಲ್ಲಿ 250. ಎರಡೂ ನೋಡಲು ಒಂದೇ ರೀತಿ. ಪೇಟೆಗೆ ಹೋದ ಚಿಕ್ಕಪ್ಪ ಬಾಟಲಿ ಬದಲಿಸಿ ತಂದರೆ, ಅದೇ 5 ಎಂಎಲ್‌ನಲ್ಲಿ ಔಷಧಿ ಎರಡು ಪಟ್ಟಾಗುತ್ತದೆ ಅಥವಾ ಅರ್ಧಕ್ಕೆ ಇಳಿಯುತ್ತದೆ. ಬಾಟಲಿ ತಿರುಗಿಸಿ ಸಣ್ಣ ಅಕ್ಷರ ಓದಿ, ಬದಲಾಗಿದ್ದರೆ ಡಾಕ್ಟರಿಗೆ ಕೇಳಿ. ಅಡುಗೆ ಮನೆಯ ಚಮಚದಲ್ಲಿ ಅಳೆಯಬೇಡಿ. ಶೀತಕ್ಕೆಂದು ಕೊಡುವ ಕೆಲವು ಸಿರಪ್‌ಗಳಲ್ಲೂ ಪ್ಯಾರಸಿಟಮಾಲ್ ಸೇರಿರುತ್ತದೆ. ಅದನ್ನೂ ಇದನ್ನೂ ಕೊಟ್ಟರೆ ಅಳತೆ ಮೀರಿ ಲಿವರಿಗೆ ತೊಂದರೆ.

ಐಬುಪ್ರೊಫೆನ್ ಎಂಬ ಇನ್ನೊಂದು ನೋವಿನ ಔಷಧಿಯ ಬಗ್ಗೆ ಡಾಕ್ಟರುಗಳಲ್ಲಿ ಎರಡು ಅಭಿಪ್ರಾಯ ಇದೆ. ರಕ್ತ ಬರಬಹುದೆಂಬ ಅಂಜಿಕೆಯಿಂದ ಕೆಲವರು ಬರೆಯುವುದಿಲ್ಲ. ಅಮೆರಿಕದ ಇಎನ್‌ಟಿ ವೈದ್ಯರ ಸಂಘದ 2019ರ ಮಾರ್ಗಸೂಚಿ ಪ್ಯಾರಸಿಟಮಾಲ್, ಐಬುಪ್ರೊಫೆನ್ ಅಥವಾ ಎರಡನ್ನೂ ಕೊಡಬಹುದು ಎನ್ನುತ್ತದೆ. ನಿಮ್ಮ ಡಾಕ್ಟರು ಬರೆದರೆ ಕೊಡಿ, ಬರೆಯದಿದ್ದರೆ ನೀವಾಗಿ ಕೊಡಬೇಡಿ. ಮಗು ನೀರೇ ಕುಡಿಯದೆ ಒಣಗಿದ್ದಾಗ ಅದು ಕಿಡ್ನಿಗೆ ಒಳ್ಳೆಯದಲ್ಲ, ಆಗ ಕೇಳದೆ ಕೊಡಲೇಬೇಡಿ.

ಕೊಡಲೇಬಾರದ ಮೂರು ಇವೆ. ಆಸ್ಪಿರಿನ್, ಯಾಕೆಂದರೆ ರಕ್ತ ನಿಲ್ಲುವುದಿಲ್ಲ. ನಿಮೆಸುಲೈಡ್ ಎಂಬ ಜ್ವರ-ನೋವಿನ ಔಷಧಿ, ಇದನ್ನು 12 ವರ್ಷಕ್ಕಿಂತ ಚಿಕ್ಕ ಮಕ್ಕಳಿಗೆ ಕೊಡುವುದನ್ನು ನಮ್ಮ ದೇಶದಲ್ಲಿ 2011ರಲ್ಲೇ ನಿಷೇಧಿಸಿದ್ದಾರೆ. ಕೊಡೀನ್ ಇರುವ ಕೆಮ್ಮಿನ ಸಿರಪ್, ಕೆಲವು ಮಕ್ಕಳ ಮೈಯಲ್ಲಿ ಅದು ಬೇಗ ಮಾರ್ಫಿನ್ ಆಗಿ ಬದಲಾಗಿ ಉಸಿರೇ ನಿಧಾನವಾಗುತ್ತದೆ. ದೊಡ್ಡವರಿಗೆಂದು ತಂದ ಕೆಮ್ಮಿನ ಔಷಧಿ ಮನೆಯಲ್ಲಿದ್ದರೆ ಮೇಲಿನ ಅಟ್ಟಕ್ಕೆ ಎತ್ತಿಡಿ.

ಊಟ ಆಮೇಲೆ, ನೀರು ಮೊದಲು

ಒಂದು ವಾರ ಮಗು ಸರಿಯಾಗಿ ಉಣ್ಣದಿದ್ದರೆ ತೂಕ ಸ್ವಲ್ಪ ಇಳಿಯುತ್ತದೆ, ಮತ್ತೆ ಬರುತ್ತದೆ. ನೀರು ಕುಡಿಯದಿದ್ದರೆ ಆಸ್ಪತ್ರೆಗೆ ಹೋಗಿ ಡ್ರಿಪ್ ಹಾಕಿಸಬೇಕು. ಹಾಗಾಗಿ ಜಗಳ ಮಾಡುವುದಿದ್ದರೆ ನೀರಿಗೆ ಮಾಡಿ, ಅನ್ನಕ್ಕೆ ಬೇಡ.

ಎಷ್ಟು ಬೇಕು? ಮಕ್ಕಳ ಡಾಕ್ಟರುಗಳ ಹಳೆಯ ಲೆಕ್ಕ ಒಂದಿದೆ. ಮೊದಲ 10 ಕಿಲೋಗೆ ಕಿಲೋಗೆ 100 ಎಂಎಲ್‌ನಂತೆ, ಮುಂದಿನ 10 ಕಿಲೋಗೆ ಕಿಲೋಗೆ 50 ಎಂಎಲ್‌ನಂತೆ. 18 ಕಿಲೋದ ಮಗುವಿಗೆ ದಿನಕ್ಕೆ 1,400 ಎಂಎಲ್. ಹಾಲು, ಗಂಜಿ ತೆಳಿ, ಬೊಂಡದ ನೀರು (ಎಳನೀರು) ಎಲ್ಲ ಸೇರಿ. ಕೇಳಿದರೆ ಹೆದರಿಕೆಯಾಗುತ್ತದೆ. ಆದರೆ ಎಚ್ಚರ ಇರುವಾಗ ಹತ್ತು-ಹದಿನೈದು ನಿಮಿಷಕ್ಕೊಮ್ಮೆ ಎರಡು-ಮೂರು ಗುಟುಕು ಕೊಟ್ಟರೆ ಬಹುಪಾಲು ಆಗಿಬಿಡುತ್ತದೆ. ನಾವು 100 ಎಂಎಲ್‌ನ ಸಣ್ಣ ಸ್ಟೀಲ್ ಲೋಟ ಇಟ್ಟುಕೊಂಡೆವು. ಒಂದು ಲೋಟ ಮುಗಿದರೆ ಮಗನೇ ಗೋಡೆಯ ಕ್ಯಾಲೆಂಡರಿನಲ್ಲಿ ಒಂದು ಗೆರೆ ಎಳೆಯುತ್ತಿದ್ದ. ಸಂಜೆಗೆ ಎಂಟು ಗೆರೆ ಇದ್ದರೆ ಇನ್ನೆಷ್ಟು ಬೇಕು ಎಂದು ಯಾರಿಗಾದರೂ ಗೊತ್ತಾಗುತ್ತದೆ. ಗೆರೆಗಿಂತ ನಂಬಬೇಕಾದ್ದು ಮೂತ್ರವನ್ನು. ಎಂಟು ಗಂಟೆ ಕಳೆದರೂ ಮೂತ್ರ ಹೋಗದಿದ್ದರೆ, ಹೋದರೂ ಗಾಢ ಹಳದಿಯಾಗಿದ್ದರೆ, ತುಟಿ ಒಣಗಿ ಅಳುವಾಗ ಕಣ್ಣೀರು ಬರದಿದ್ದರೆ ಡಾಕ್ಟರಿಗೆ ಹೇಳಿ.

ನಮ್ಮ ಊರಿನ ಅಡುಗೆ ಈ ಗಂಟಲಿಗೆ ಹೇಳಿ ಮಾಡಿಸಿದ ಹಾಗಿದೆ. ಕುಚ್ಚಲಕ್ಕಿ ಗಂಜಿಯನ್ನು ಚೆನ್ನಾಗಿ ಬೇಯಿಸಿ, ತಣಿಸಿ, ಚೂರು ಉಪ್ಪು ಮತ್ತು ತುಪ್ಪ. ರಾಗಿ ಮಣ್ಣಿ. ಕೂವೆ (ಆರೋರೂಟ್) ಹುಡಿಯನ್ನು ಹಾಲಿನಲ್ಲಿ ಕಾಸಿ ತಣಿಸಿದ್ದು ನುಣ್ಣಗೆ ಜಾರಿಕೊಂಡು ಹೋಗುತ್ತದೆ. ನಮ್ಮ ಮಗ ಆರನೆಯ ದಿನ ಇಡೀ ದಿನ ಬದುಕಿದ್ದೇ ಅದರ ಮೇಲೆ. ನೀರುದೋಸೆಯನ್ನು ಹಾಲಿನಲ್ಲಿ ನೆನೆಸಿ ಕೊಡಬಹುದು. ಹುಳಿಯಿಲ್ಲದ ಮೊಸರನ್ನ, ಮೆತ್ತಗಿನ ಇಡ್ಲಿ, ಕಿವುಚಿದ ಕದಳಿ ಬಾಳೆಹಣ್ಣು ಎಲ್ಲ ಆಗುತ್ತದೆ.

ಜಗಿಯಲು ಮಗು ಒಪ್ಪಿದರೆ ಬೇಡ ಎನ್ನಬೇಡಿ. ದವಡೆ ಆಡಿದಷ್ಟೂ ಗಂಟಲಿನ ಬಿಗಿತ ಕಡಿಮೆ. ಬೇಡದ್ದು ಗರಿಗರಿಯಾದ್ದು ಮತ್ತು ಚುಚ್ಚುವಂಥದ್ದು: ಹಲಸಿನ ಹಪ್ಪಳ, ಚಕ್ಕುಲಿ, ಬಾಳೆಕಾಯಿ ಚಿಪ್ಸ್, ಸಂಡಿಗೆ. ಮೇ ತಿಂಗಳಲ್ಲಿ ಮನೆ ತುಂಬ ಹಪ್ಪಳದ ಪರಿಮಳ ಇರುವಾಗ ಇದನ್ನು ಪಾಲಿಸುವುದು ಕಷ್ಟ. ಮನೆಯವರೆಲ್ಲರೂ ಎರಡು ವಾರ ಹಪ್ಪಳ ಬಿಟ್ಟುಬಿಡುವುದೇ ಸುಲಭ. ಖಾರ, ಮಿಡಿ ಉಪ್ಪಿನಕಾಯಿ, ಮೂಸಂಬಿ, ಕಿತ್ತಳೆ ಉರಿಯುತ್ತವೆ. ಪುನರ್ಪುಳಿ (ಕೋಕಂ) ಶರಬತ್ತಂತೂ ಎರಡು ಕಾರಣಕ್ಕೆ ಬೇಡ. ಹುಳಿ ಒಂದು, ಬಣ್ಣ ಇನ್ನೊಂದು. ಬಚ್ಚಂಗಾಯಿ (ಕಲ್ಲಂಗಡಿ), ಬೀಟ್ರೂಟ್, ಕೆಂಪು ಜೆಲ್ಲಿ ತಿಂದು ವಾಂತಿ ಮಾಡಿದರೆ ಅದು ರಕ್ತವೋ ಹಣ್ಣೋ ಎಂದು ರಾತ್ರಿ ಹೊತ್ತು ಹೇಳಲಾಗುವುದಿಲ್ಲ.

ತಣ್ಣಗಿನದ್ದು ಕೊಡುವ ವಿಷಯಕ್ಕೆ ಮನೆಯಲ್ಲಿ ಮಾತು ಬರುತ್ತದೆ. ನಮ್ಮ ಅತ್ತೆ "ಐಸ್ ಕೊಟ್ಟರೆ ಕಫ ಕಟ್ತದೆ ಮಗಾ" ಎಂದು ಎರಡು ದಿನ ತಡೆದರು. ನಾನು ವಾದ ಮಾಡಲಿಲ್ಲ. "ಅತ್ತೆ, ಡಾಕ್ಟರ ಹತ್ತಿರ ನೀವೇ ಕೇಳಿ" ಎಂದು ಫೋನ್ ಕೈಗೆ ಕೊಟ್ಟೆ. ತಣ್ಣಗಿನದ್ದು ಊತ ಇಳಿಸುತ್ತದೆ, ನೋವನ್ನು ಸ್ವಲ್ಪ ಮರಗಟ್ಟಿಸುತ್ತದೆ ಎಂದು ಡಾಕ್ಟರು ಹೇಳಿದ ಮೇಲೆ ಬೊಂಡದ ನೀರನ್ನು ಐಸ್ ಟ್ರೇಯಲ್ಲಿ ಹಾಕಿ ಗಟ್ಟಿ ಮಾಡಿ, ಪುಡಿ ಮಾಡಿ ಚಮಚದಲ್ಲಿ ಕೊಟ್ಟವರು ಅವರೇ. ಅದು ನಮ್ಮ ಮನೆಯಲ್ಲಿ ಎಲ್ಲಕ್ಕಿಂತ ಚೆನ್ನಾಗಿ ಇಳಿದ ವಸ್ತು. ಕೆಲವು ಮಕ್ಕಳಿಗೆ ತಣ್ಣಗಿನದ್ದು ಹಿಡಿಸದು, ಉಗುರು ಬೆಚ್ಚಗಿನದೇ ಬೇಕು. ಅದೂ ಸರಿ. ಕಾಳುಮೆಣಸಿನ ಕಷಾಯ, ಶುಂಠಿ ರಸ ಮಾತ್ರ ಈಗ ಬೇಡ.

ಬಿಳಿ ಪದರ, ಬಾಯಿ ವಾಸನೆ, ಕಿವಿ ನೋವು

ಟಾರ್ಚ್ ಹಾಕಿ ನೋಡಿದರೆ ಟಾನ್ಸಿಲ್ ಇದ್ದ ಜಾಗದಲ್ಲಿ ದಪ್ಪನೆಯ ಬಿಳಿ ಅಥವಾ ಹಳದಿ ಪದರ ಕಾಣುತ್ತದೆ. ನೋಡಿದವರೆಲ್ಲ ಕೀವು ಎನ್ನುತ್ತಾರೆ. ಅದು ಕೀವು ಅಲ್ಲ. ಮೊಣಕಾಲಿನ ಗಾಯದ ಮೇಲೆ ಬರುವ ಹಕ್ಕಳೆಯ ಹಾಗೇ ಇದೂ. ಗಂಟಲು ಯಾವಾಗಲೂ ಒದ್ದೆ ಇರುವುದರಿಂದ ಬೆಳ್ಳಗೆ ಕಾಣುತ್ತದೆ, ಅಷ್ಟೆ. ಅದರಿಂದಲೇ ಬಾಯಿ ಕೆಟ್ಟ ವಾಸನೆ. ಬೆರಳು, ಬಟ್ಟೆ, ಹತ್ತಿ ಹಾಕಿ ಒರೆಸಬೇಡಿ. ಹಲ್ಲು ಮೆಲ್ಲಗೆ ಉಜ್ಜಿಸಿ. ಗಳಗಳ ಎಂದು ಬಾಯಿ ಮುಕ್ಕಳಿಸುವುದು ಡಾಕ್ಟರು ಹೇಳಿದ ಮೇಲೆಯೇ.

ಕಿವಿ ನೋವು ಅನೇಕ ಮಕ್ಕಳಿಗೆ ಬರುತ್ತದೆ. ಗಂಟಲಿಗೂ ಕಿವಿಗೂ ಹೋಗುವ ನರ ಒಂದೇ ಆದ್ದರಿಂದ ಗಂಟಲಿನ ನೋವು ಕಿವಿಯಲ್ಲಿ ಕಾಣಿಸುತ್ತದೆ. ಕಿವಿಗೆ ಬೆಚ್ಚಗಿನ ಎಣ್ಣೆ ಬಿಡಬೇಡಿ. ನೋವಿನ ಔಷಧಿಯೇ ಅದಕ್ಕೂ ಮದ್ದು. ಸ್ವರ ಮೂಗಿನಲ್ಲಿ ಬಂದ ಹಾಗೆ, ತೆಳ್ಳಗೆ ಕೇಳುವುದು, ಮೂಗಿನ ಹಿಂದಿರುವ ಅಡಿನಾಯ್ಡ್ ಗ್ರಂಥಿ ಕೂಡ ತೆಗೆದಿದ್ದರೆ ಕುಡಿದ ನೀರು ಒಮ್ಮೊಮ್ಮೆ ಮೂಗಿಗೆ ಬರುವುದು ಕೆಲವು ವಾರದಲ್ಲಿ ಸರಿಯಾಗುತ್ತದೆ.

ರಕ್ತ ಬಂದರೆ

ಈ ಹಕ್ಕಳೆ ಕಳಚುವುದು ಸುಮಾರು ಐದರಿಂದ ಹತ್ತನೆಯ ದಿನದ ಒಳಗೆ. ರಕ್ತ ಬರುವ ಅಪಾಯವೂ ಮನೆಯಲ್ಲಿರುವ ಆ ದಿನಗಳಲ್ಲೇ ಜಾಸ್ತಿ. ನೂರಕ್ಕೆ ಕೆಲವೇ ಮಕ್ಕಳಿಗೆ ಹೀಗಾಗುತ್ತದೆ. ಆದರೆ ಯಾರಿಗೆ ಎಂದು ಮೊದಲೇ ಗೊತ್ತಾಗುವುದಿಲ್ಲ. ಆ ದಿನಗಳಲ್ಲಿ ಮಗುವನ್ನು ದೂರ ಪ್ರಯಾಣಕ್ಕೆ, ಗುಡ್ಡದ ಮೇಲಿನ ಅಜ್ಜನ ಮನೆಗೆ ಕರೆದುಕೊಂಡು ಹೋಗಬೇಡಿ. ಮನೆಯಲ್ಲಿ ಒಂದು ವಾಹನ, ಓಡಿಸುವ ಒಬ್ಬರು ಇರಲಿ.

ರಾತ್ರಿ ನಿದ್ದೆಯಲ್ಲಿ ಮಗು ಮತ್ತೆ ಮತ್ತೆ ಏನನ್ನೋ ನುಂಗುತ್ತಿದ್ದರೆ ಎಬ್ಬಿಸಿ, ಬಾಯಿ ನೋಡಿ. ಹೊರಗೆ ಏನೂ ಕಾಣದೆ ರಕ್ತ ಹೊಟ್ಟೆಗೆ ಇಳಿಯುತ್ತಿರಬಹುದು. ಕೆಂಪು ರಕ್ತ ಬಂದರೆ, ಗಟ್ಟಿ ರಕ್ತದ ಉಂಡೆ ಬಿದ್ದರೆ, ಮನೆಗೆ ಬಂದ ಮೇಲೆ ಕಪ್ಪಾದ ರಕ್ತ ವಾಂತಿಯಾದರೆ ಮಗುವನ್ನು ಕೂರಿಸಿ, ತಲೆ ಮುಂದಕ್ಕೆ ಬಾಗಿಸಿ, ಬಿಳಿ ಬೇಸಿನ್ನಿಗೆ ಉಗುಳಲು ಹೇಳಿ. ನುಂಗಬಾರದು, ಅಂಗಾತ ಮಲಗಿಸಬಾರದು. ತಿನ್ನಲು ಕುಡಿಯಲು ಏನೂ ಕೊಡಬೇಡಿ, ಯಾಕೆಂದರೆ ಮತ್ತೆ ಅರಿವಳಿಕೆ ಕೊಡಬೇಕಾಗಬಹುದು. ನೀವು ಮೆಲ್ಲನೆ ಮಾತಾಡಿ. ಅಳುತ್ತಾ ಕಿರುಚಿದರೆ ರಕ್ತ ಹೆಚ್ಚುತ್ತದೆ.

ನಂತರ ಹೊರಡಿ. ರಕ್ತ ತಾನಾಗಿ ನಿಂತರೂ ಹೊರಡಿ. ಸಣ್ಣದಾಗಿ ಬಂದು ನಿಂತದ್ದು ಕೆಲವು ಗಂಟೆ ಬಿಟ್ಟು ಜೋರಾಗಿ ಬರುವುದುಂಟು. ಬೆಳಗಾಗಲಿ ಎಂದು ಕಾಯಬೇಡಿ. ರಕ್ತ ಜೋರಾಗಿದ್ದರೆ ಆಪರೇಷನ್ ಮಾಡಿದ ಡಾಕ್ಟರೇ ಬೇಕೆಂದು ಗಡಿಯ ತಲಪಾಡಿ ದಾಟಿ ಮಂಗಳೂರಿಗೇ ಹೋಗುವ ಹಟ ಬೇಡ, ಹತ್ತಿರದ ದೊಡ್ಡ ಆಸ್ಪತ್ರೆಗೆ ಹೋಗಿ. ದಾರಿಯಲ್ಲಿ ಫೋನ್ ಮಾಡಿ ಬರುತ್ತಿದ್ದೇವೆ ಎಂದು ತಿಳಿಸಿ. 108 ಆಂಬುಲೆನ್ಸ್ ಗಡಿಯ ಎರಡೂ ಕಡೆ ಉಚಿತ. ಆರೋಗ್ಯದ ಸಲಹೆಗೆ ಕೇರಳದಲ್ಲಿ ದಿಶಾ ಎಂಬ 1056 ಇದೆ, ಆದರೆ ರಕ್ತ ಬರುವಾಗ ಸಲಹೆ ಕೇಳುತ್ತಾ ಕೂರಬೇಡಿ. ಸ್ಕೂಟರಿನಲ್ಲಿ ಹಿಂದೆ ಕೂರಿಸಿಕೊಂಡು ಹೋಗಬೇಡಿ, ಮಗುವನ್ನು ಹಿಡಿದು ಕೂರಲು ಇನ್ನೊಬ್ಬರು ಬೇಕೇ ಬೇಕು. ಡಿಸ್ಚಾರ್ಜ್ ಕಾಗದ ಒಂದು ಚೀಲದಲ್ಲಿ ಹಾಕಿ ಬಾಗಿಲ ಹಿಂದೆ ನೇತುಹಾಕಿಟ್ಟಿರಿ.

ನಮಗೆ ಆ ಚೀಲ ಬೇಕಾಗಲಿಲ್ಲ. ಆದರೆ ಅದು ಅಲ್ಲಿ ಇದೆ ಎಂಬ ಧೈರ್ಯಕ್ಕೇ ನಾನು ರಾತ್ರಿ ಸ್ವಲ್ಪ ನಿದ್ದೆ ಮಾಡಿದ್ದು.

ಶಾಲೆ, ಆಟ, ಹೊಳೆ

ಹತ್ತನೆಯ ದಿನಕ್ಕೆ ಮಗು ಓಡಾಡಲು ಶುರು ಮಾಡುತ್ತದೆ. ಆಗಲೇ ಬಿಡಬೇಡಿ. ಎರಡು ವಾರ ಓಟ, ಸೈಕಲ್, ಭಾರ ಎತ್ತುವುದು, ತೋಟದ ಕೆರೆಯಲ್ಲಿ ಈಜುವುದು ಬೇಡ. ರಾತ್ರಿಯಿಡೀ ಯಕ್ಷಗಾನ ನೋಡುವುದು, ಕಿರುಚಿ ಮಾತಾಡುವುದೂ ಬೇಡ. ಕೂತು ಆಡುವ ಚನ್ನೆಮಣೆ, ಬಣ್ಣ ಹಚ್ಚುವುದು, ಅಜ್ಜಿಯ ಕಥೆ ಸಾಕು. ಸಿಟ್ಟು, ಹಟ, ರಾತ್ರಿ ಬೆಚ್ಚಿ ಏಳುವುದು ಕೆಲವು ದಿನ ಇರುತ್ತದೆ. ಗದರಬೇಡಿ. ಆ ಮಗುವಿಗೆ ಯಾಕೆ ಇಷ್ಟು ನೋವು ಎಂದು ಇನ್ನೂ ಅರ್ಥವಾಗಿಲ್ಲ.

"ಟಾನ್ಸಿಲ್ ತೆಗೆದರೆ ರೋಗ ತಡೆಯುವ ಶಕ್ತಿ ಹೋಗ್ತದಂತೆ" ಎಂದು ಯಾರಾದರೂ ಹೇಳಿಯೇ ಹೇಳುತ್ತಾರೆ. ಗಂಟಲಿನಲ್ಲೂ ಮೈಯ ಬೇರೆ ಕಡೆಯೂ ಅದೇ ಕೆಲಸ ಮಾಡುವ ಗ್ರಂಥಿಗಳು ಬೇಕಾದಷ್ಟಿವೆ. ಆ ಮಾತನ್ನು ಮಗುವಿನ ಎದುರು ಆಡಲು ಬಿಡಬೇಡಿ.

ಶಾಲೆ ಶುರುವಾದರೆ ಟೀಚರಿಗೆ ಎರಡು ಸಾಲು ಬರೆದು ಕೊಡಿ: ಕೇಳಿದಾಗ ನೀರು ಕುಡಿಯಲು ಬಿಡಿ, ಇನ್ನೊಂದು ವಾರ ಪಿಟಿ ಬೇಡ. ಚೆಕಪ್‌ಗೆ ಹೋಗುವಾಗ ಗೆರೆ ಎಳೆದ ಕ್ಯಾಲೆಂಡರ್ ಹಾಳೆ ತೆಗೆದುಕೊಂಡು ಹೋಗಿ. ನಮ್ಮ ಡಾಕ್ಟರು ಮಗನ ಗೆರೆಗಳನ್ನು ಒಂದೊಂದಾಗಿ ಎಣಿಸಿ, ಗಂಟಲು ನೋಡಿ, "ಇನ್ನು ಹಪ್ಪಳ ತಿನ್ನಬಹುದು" ಎಂದರು. ಅಂದು ಹದಿನೈದನೆಯ ದಿನ. ಮನೆಗೆ ಬಂದು ಅಂಗಿ ಬದಲಿಸುವ ಮೊದಲೇ ಅವನು ಹಪ್ಪಳದ ಡಬ್ಬ ಹುಡುಕಿದ.